ನಾಯಿ ಮುದ್ದಾಡಕ್ಕೆ ಹೊರಟ ಸೀನ

"ಭಾನುವಾರದಿಂದ ನಾನು ಪ್ರಾಣಿ ಶೆಲ್ಟರ್‌ನಲ್ಲಿ ವಾಲಂಟಿಯರ್," ಅಂತ ಸೀನ ಘೋಷಣೆ ಮಾಡಿದ. "ವಾರವೆಲ್ಲ ಮನುಷ್ಯರ ಮುಖ ನೋಡಿ ಸಾಕಾಗಿದೆ. ಹೋಗೋದು, ಮರಿಗಳನ್ನ ಮುದ್ದಾಡೋದು, ಬರೋದು."

"ಮುದ್ದಾಡೋದು ಕೊನೇ ಐದು ನಿಮಿಷ ಕಣೋ," ಅಂದರು ಗಿರಿಜಕ್ಕ. "ಅದಕ್ಕೆ ಮುಂಚೆ ಎರಡು ಗಂಟೆ ಪೊರಕೆ, ಬಕೆಟ್ಟು, ಸಲಿಕೆ."

"ಸಲಿಕೆ ಯಾಕಕ್ಕಾ?"

"ಇಪ್ಪತ್ತು ನಾಯಿ ಬೆಳಗ್ಗೆ ಎದ್ದು ಏನು ಮಾಡ್ತವೆ, ಪೇಪರ್ ಓದ್ತವಾ?" ಅಂದ ನಾಗ. "ಅದಿರಲಿ, ರೇಬೀಸ್ ಲಸಿಕೆ ಹಾಕಿಸ್ಕೊಂಡ್ಯಾ?"

"ಕಚ್ಚಿದ ಮೇಲೆ ತಾನೇ ಅದು?"

"ಶೆಲ್ಟರ್‌ಗೆ ಹೋಗೋರಿಗೆ ಮುಂಚೇನೇ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನ ಎರಡು ಡೋಸಿಗೆ ಇಳಿಸಿದೆ. ಇವತ್ತು ಒಂದು, ಏಳು ದಿನ ಬಿಟ್ಟು ಇನ್ನೊಂದು. ನಿನ್ನ ಡಾಕ್ಟರು ಮೂರು ಅಂದ್ರೆ ಮೂರು, ವಾದಕ್ಕೆ ನಿಲ್ಲಬೇಡ. ಟೆಟನಸ್ ಹಾಕಿಸಿ ಹತ್ತು ವರ್ಷ ಆಗಿದ್ರೆ ಅದೂ ಒಂದು."

"ಆಮೇಲೆ ಕಚ್ಚಿದ್ರೂ ಚಿಂತೆ ಇಲ್ಲ ಅನ್ನು."

"ಇದೆ. ಸೋಪು ಹಚ್ಚಿ, ನಲ್ಲಿ ಬಿಟ್ಟು, ಗಡಿಯಾರ ನೋಡ್ಕೊಂಡು 15 ನಿಮಿಷ ತೊಳೀಬೇಕು. ಮತ್ತೆ ಲಸಿಕೆನೂ ಬೇಕು, ಆದ್ರೆ ಡೋಸ್ ಕಮ್ಮಿ. ಗಾಯದ ಸುತ್ತ ಚುಚ್ಚೋ ಇಮ್ಯುನೊಗ್ಲಾಬ್ಯುಲಿನ್ ಅನ್ನೋ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ತಪ್ಪುತ್ತೆ, ಮುಂಚೆ ಹಾಕಿಸಿದ್ದರ ಲಾಭ ಅದು. ಸಣ್ಣ ಗೀರು ಅಂತ ಮುಚ್ಚಿಡೋ ಹಾಗಿಲ್ಲ, ಶೆಲ್ಟರ್ ಪುಸ್ತಕದಲ್ಲಿ ಬರೆಸಬೇಕು."

ಬಟ್ಟೆ ವಿಚಾರ ಪದ್ದಿ ಒಂದೇ ಉಸಿರಿಗೆ ಮುಗಿಸಿದಳು. "ಮುಚ್ಚಿದ ಬೂಟು, ಹಳೇ ಫುಲ್ ಪ್ಯಾಂಟು. ಜೋತಾಡೋದು ಏನೂ ಇರಬಾರದು. ನಿಮ್ಮನೇಲೂ ನಾಯಿ ಇದ್ರೆ ಬೂಟು ಹೊರಗೇ ಬಿಟ್ಟು, ಬಟ್ಟೆ ಬದಲಾಯಿಸಿ, ಆಮೇಲೆ ಅದನ್ನ ಮುಟ್ಟು."

"ಇನ್ನು ತೊಳೆಯೋದು ನನಗೇನು ಹೇಳಿಕೊಡಬೇಕಾ? ಬ್ಲೀಚ್ ಸುರಿದು ಉಜ್ಜಿದ್ರೆ ಆಯ್ತು."

ಗಿರಿಜಕ್ಕ ಕುರ್ಚಿ ಮುಂದಕ್ಕೆಳೆದುಕೊಂಡರು. ಇದು ಅವರ ಇಲಾಖೆ.

"ಅಲ್ಲೇ ಎಲ್ಲರೂ ಎಡವೋದು. ಕೊಳೆ ಮೇಲೆ ಬ್ಲೀಚ್ ಸುರಿದ್ರೆ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚು, ವೈರಸ್ಸು ಆರಾಮಾಗಿ ಕೂತಿರುತ್ತೆ. ಉಚ್ಚೆ ಮೇಲೆ ಸುರಿದ್ರಂತೂ ಅದರ ಅಮೋನಿಯಾ ಜೊತೆ ಸೇರಿ ವಿಷದ ಹೊಗೆ. ನೀನೂ ಕೆಮ್ಮು, ನಾಯೀನೂ ಕೆಮ್ಮು."

"ಮತ್ತೆ?"

"ಮೊದಲು ನಾಯೀನ ಬೇರೆ ಕಡೆ ಕಟ್ಟು. ಗಟ್ಟಿ ಕೊಳೆ ಸಲಿಕೇಲಿ ಎತ್ತು. ಸೋಪು ನೀರು ಹಾಕಿ ಉಜ್ಜು, ತೊಳಿ. ಆಮೇಲೆ ಬ್ಲೀಚು. ಮನೇಲಿ ಬಳಸೋ 5 ಪರ್ಸೆಂಟಿಂದು ಆದ್ರೆ ಒಂದು ಲೀಟರ್ ತಣ್ಣೀರಿಗೆ 30 ಮಿ.ಲೀ. ಹಾಕಿ 10 ನಿಮಿಷ ನೆಲ ಒದ್ದೆಯಾಗೇ ಇರಬೇಕು. ಮತ್ತೆ ತೊಳೆದು, ವೈಪರ್ ಎಳೆದು, ಒಣಗಿದ ಮೇಲೇ ನಾಯಿ ಒಳಗೆ. ನಿನ್ನೆ ಕಲಸಿಟ್ಟ ನೀರು ಇವತ್ತು ನಡೆಯಲ್ಲ, ದಿನಾ ಹೊಸದು."

"ಇಷ್ಟೊಂದು ಮಡಿ ಯಾಕಕ್ಕಾ?"

"ಪಾರ್ವೋ ಕಣೋ, ನಾಯಿಮರಿಗಳ ಜೀವ ತೆಗೆಯೋ ವಾಂತಿ ಭೇದಿ. ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಘಮಘಮ ಅನ್ನೋ ಎಷ್ಟೋ ಫಿನೈಲಿಗೆ ಅದು ಕ್ಯಾರೇ ಅನ್ನಲ್ಲ. ಬೆಕ್ಕಿನ ಕೋಣೆಗಂತೂ ಫಿನೈಲ್ ತರಲೇಬಾರದು, ಬೆಕ್ಕಿಗೆ ಅದೇ ವಿಷ."

"ತೊಳೆಯೋ ಸರದಿ ಕೇಳ್ಕೋ," ಅಂತ ನಾಗ ಸೇರಿಸಿದ. "ಮೊದಲು ಮರಿಗಳು, ಆಮೇಲೆ ಗಟ್ಟಿಮುಟ್ಟಾದ ದೊಡ್ಡವು, ಆಮೇಲೆ ಹೊಸದಾಗಿ ಬಂದು ಬೇರೆ ಇಟ್ಟಿರೋವು. ಕಾಯಿಲೆಯವು ಕಟ್ಟಕಡೆಗೆ."

"ಅಯ್ಯೋ ಪಾಪ, ಕಾಯಿಲೆಯವನ್ನೇ ಕಡೆಗಾ?"

"ಪಾಪ ಅಂತ ನೀನು ಮೊದಲು ಅಲ್ಲಿಗೆ ಹೋಗಿ, ಅದೇ ಬೂಟಲ್ಲಿ ಮರಿಗಳ ಹತ್ರ ಬಂದೆ ಅನ್ನು. ಪಾರ್ವೋನ ಪಲ್ಲಕ್ಕೀಲಿ ಹೊತ್ತು ತಂದ ಹಾಗೆ."

ಸೀನ ಸ್ವಲ್ಪ ಹೊತ್ತು ಸುಮ್ಮನಾದ. ಅವನಿಗೆ ಅದು ದೊಡ್ಡ ಹೊತ್ತು. "ಸರಿ, ನಾಯಿ ವಿಷಯದಲ್ಲಾದ್ರೂ ನನಗೆ ಗೊತ್ತಿದೆ. ಬಾಲ ಆಡಿಸಿದ್ರೆ ಸ್ನೇಹ."

"ಅತಿ ವಿನಯ ಧೂರ್ತ ಲಕ್ಷಣ," ಅಂದಳು ಪದ್ದಿ. "ಬಾಲ ಸೆಟೆದು ಮೇಲೆ ನಿಂತು, ತುದಿ ಮಾತ್ರ ಪಟಪಟ ಅಂತಿದ್ರೆ ಅದು ಸ್ನೇಹ ಅಲ್ಲ, ಎಚ್ಚರಿಕೆ. ಸೊಂಟದ ಸಮೇತ ಸಡಿಲವಾಗಿ ಆಡ್ತಿದ್ರೆ ಸರಿ. ನಿದ್ದೆ ಬರದಿದ್ರೂ ಆಕಳಿಸೋದು, ತಿಂಡಿ ಇಲ್ಲದೆ ತುಟಿ ನೆಕ್ಕೋದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸೋದು, ಎಲ್ಲ 'ದೂರ ನಿಲ್ಲಪ್ಪಾ' ಅನ್ನೋ ಅರ್ಜಿ."

"ಗುರ್ ಅಂದ್ರೆ ಗದರಿಸೋದಾ?"

"ಗದರಿಸಿದ್ರೆ ಮುಂದಿನ ಸಲ ಗುರ್ ಅನ್ನಲ್ಲ, ನೇರವಾಗಿ ಕಚ್ಚುತ್ತೆ. ಹಿಂದೆ ಸರಿ, ಅಷ್ಟೇ. ಎಲ್ಲಿ, ಕೂತ್ಕೋ, ನೀನೇ ನಾಯಿ." ನಾಗ ಎದ್ದು ನಿಂತ. ಸೀನನ ಮೇಲೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ಅಂಗೈ ಅಗಲಿಸಿ ನೆತ್ತಿ ಕಡೆ ಇಳಿಸಿದ. ಸೀನನ ಕತ್ತು ತಾನಾಗೇ ಹೆಗಲೊಳಗೆ ಹೋಯ್ತು.

"ನೋಡಿದ್ಯಾ? ನನ್ನ ಪರಿಚಯ ಇರೋ ನಿನಗೇ ಹಿಂಗೆ. ಈಗ ನೋಡು." ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಬೇರೆಲ್ಲೋ ನೋಡ್ತಾ ಕೈ ತೊಡೆ ಪಕ್ಕಕ್ಕೆ ಬಿಟ್ಟ. "ಅದಾಗೇ ಬಂದು ಮೂಸಬೇಕು. ಬಂದ್ರೆ ಎದೆ ಕಡೆ, ಕುತ್ತಿಗೆ ಪಕ್ಕ ಮೂರು ಸೆಕೆಂಡ್ ಸವರಿ ಕೈ ತೆಗಿ. ಇನ್ನೂ ಹತ್ರ ಬಂತಾ, ಮುಂದುವರಿಸು. ಸುಮ್ಮನಾಯ್ತಾ, ನೀನೂ ಸುಮ್ಮನಾಗು. ಬರಲೇ ಇಲ್ಲವಾ, ಇವತ್ತಿಗೆ ಇಷ್ಟೇ ಅಂತ ಎದ್ದು ಬಾ."

"ಮತ್ತೆ ಬೆಕ್ಕು?"

"ಬೆಕ್ಕಿಗೆ ನೀನು ಬಂದಿರೋದೇ ಬೇಜಾರು," ಅಂದಳು ಪದ್ದಿ. "ದಿನಾ ಅದನ್ನ ಎತ್ತಿ ಗೂಡು ತೊಳೆದ್ರೆ ಗಾಬರಿಗೇ ಒಳಗೆ ಅಡಗಿರೋ ಹರ್ಪೀಸ್ ವೈರಸ್ಸು ಎದ್ದು ಸೀನು ಶುರುವಾಗುತ್ತೆ. ಕೊಳೆಯಾದಷ್ಟೇ ಜಾಗ ಒರೆಸು, ಬಚ್ಚಿಟ್ಕೊಳ್ಳೋಕೆ ಒಂದು ರಟ್ಟಿನ ಡಬ್ಬ ಇಡು. ಮರಳಿನ ಟ್ರೇ ಮಾತ್ರ ದಿನಾ ತೆಗೀಬೇಕು. ಬೆಕ್ಕಿನ ಮಲದಲ್ಲಿ ಬರೋ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಹರಡೋ ಸ್ಥಿತಿಗೆ ಬರೋಕೆ ಒಂದು ದಿನವಾದ್ರೂ ಬೇಕು, ಅಷ್ಟರೊಳಗೆ ಅದು ಆಚೆ ಹೋಗಿರಬೇಕು. ಬಸುರಿಯರಿಗೆ ಆ ಕೆಲಸ ಕೊಡೋದೇ ಬೇಡ."

"ಇಷ್ಟೆಲ್ಲ ಮಾಡ್ತಾ ಯಾವ ನಾಯಿಗೆ ಏನು ಕಾಯಿಲೆ ಅಂತಾನೂ ನೋಡ್ತೀನಿ ಬಿಡಿ."

"ಕಾಯಿಲೆ ಹೆಸರು ಡಾಕ್ಟರು ಹೇಳ್ತಾರೆ," ಅಂದರು ಗಿರಿಜಕ್ಕ. "ನೀನು ಕಂಡದ್ದು ಮಾತ್ರ ಹೇಳು. 'ಮೂರನೇ ಗೂಡಿಂದು ಬೆಳಗ್ಗೆ ತಟ್ಟೆ ಮುಟ್ಟಿಲ್ಲ, ಎರಡು ಸಲ ನೀರಾಗಿ ಭೇದಿ.' ಅಷ್ಟು ಸಾಕು. ನಾಯಿ ಡಲ್ಲಾಗಿದೆ ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ."

"ಬಾಗಿಲ ವಿಷಯ ಮರೆತ್ರಿ," ಅಂದ ನಾಗ. "ಗೂಡಿನ ಬಾಗಿಲು ನಿನ್ನ ಮೈ ತೂರೋಷ್ಟೇ ತೆಗಿ, ಮೊಣಕಾಲು ಅಡ್ಡ ಇರಲಿ. ಒಳಗೆ ಹೋಗಿ ಚಿಲಕ ಹಾಕಿದ ಮೇಲೇ ಬೆಲ್ಟು ಹಾಕು. ಹಗ್ಗ ಕೈಗೆ ಸುತ್ಕೋಬೇಡ, ಅದು ಎಳೆದ್ರೆ ಬೆರಳು ಅಲ್ಲೇ ಮುರಿಯುತ್ತೆ. ಎರಡು ಬಾಗಿಲಿದ್ರೆ ಒಂದು ಮುಚ್ಚದೆ ಇನ್ನೊಂದು ತೆಗೀಬಾರದು. ನಾಯಿ ತಪ್ಪಿಸ್ಕೊಂಡ್ರೆ ಅಟ್ಟಿಸ್ಕೊಂಡು ಓಡಬೇಡ, ಅದು ಇನ್ನೂ ಜೋರಾಗಿ ಓಡುತ್ತೆ. ಮೊದಲು ಗೇಟು ಹಾಕು, ಆಮೇಲೆ ತಿಂಡಿ ಹಿಡ್ಕೊಂಡು ಕೆಳಗೆ ಕೂತ್ಕೋ."

"ಎರಡು ನಾಯಿ ಜಗಳ ಆಡಿದ್ರೆ?"

"ನಡುವೆ ಕೈ ಹಾಕಬೇಡ. ನೀರೆರಚು, ತಗಡು ಬಡಿ, ಹಲಗೆ ಅಡ್ಡ ತೂರಿಸು. ಬಿಡಿಸೋಕೆ ಹೋದೋರಿಗೇ ಹೆಚ್ಚು ಹೊಲಿಗೆ."

"ಗೊತ್ತಾಯ್ತು ಬಿಡ್ರೋ," ಅಂತ ಸೀನ ಎದ್ದ. "ವಾರಕ್ಕೆ ಎಷ್ಟು ಹೊತ್ತು ಅಂತ ಬರೀಲಿ ಅರ್ಜೀಲಿ? ದಿನಾ ಅಂತ ಬರೀಲಾ?"

"ಎರಡು ಗಂಟೆ ಅಂತ ಬರಿ, ಅದೇ ದಿನ, ಅದೇ ಹೊತ್ತು," ಅಂದರು ಗಿರಿಜಕ್ಕ. "ದಿನಾ ಬರ್ತೀನಿ ಅಂದೋರನ್ನ ನಾಲ್ಕನೇ ವಾರ ಫೋನ್ ಮಾಡಿ ಹುಡುಕಬೇಕು. ತೊಳೆಯೋ ಕೈ ಬರುತ್ತೆ ಅಂತಲೇ ಶೆಲ್ಟರ್‌ನೋರು ಆ ದಿನದ ಲೆಕ್ಕ ಹಾಕಿರ್ತಾರೆ."

ಸೀನ ತಲೆಯಾಡಿಸಿ, ಚಪ್ಪಲಿ ಮೆಟ್ಟಿ, ಫೋನ್ ನೋಡ್ತಾ ಹೊರಟ. ಬಾಗಿಲು ಪೂರ್ತಿ ತೆರೆದೇ ಇತ್ತು. ಅದರಾಚೆ ಗೇಟೂ.

"ಎರಡು ನಾಯಿ ಹೋಯ್ತು!" ಅಂತ ಒಳಗಿಂದ ನಾಗ ಕೂಗಿದ.