ಕೇಂಬ್ರಿಡ್ಜ್ ಹತ್ತಿರ ಒಂದು ದಿನಕ್ಕೆ ಹೋಗಿ ಬರಲಿಕ್ಕೆ ಹಳೇ ಸಂತೆ ಊರು ಯಾವುದು?

ನೀರ್ಚಾಲಿನವ:
ಮಗಳು ಕೇಂಬ್ರಿಡ್ಜಿನಲ್ಲಿದ್ದಾಳೆ. ಮುಂದಿನ ತಿಂಗಳು ನಾನೂ ಮನೆಯವಳೂ ಹೋಗುತ್ತಿದ್ದೇವೆ. ಲಂಡನ್ ತೋರಿಸಲಿಕ್ಕೆ ಅವಳು ಪಟ್ಟಿ ಮಾಡಿಟ್ಟಾಗಿದೆ, ಅದು ಬೇರೆ. ನನಗೆ ಬೇಕಾದ್ದು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಂಥ ಒಂದು ಹಳೇ ಊರು. ಇವಳಿಗೆ ಸಂತೆ ಬೇಕು, ನನಗೆ ಹಳೇ ಕಟ್ಟಡ, ನನ್ನ ಮಂಡಿಗೆ ಏರು ಬೇಡ. ಸ್ಯಾಫ್ರನ್ ವಾಲ್ಡನ್ ಅಂತ ಒಂದು ಹೆಸರು ಕೇಳಿದೆ. ಅದು ನಿಜಕ್ಕೂ ಕೇಸರಿಯದ್ದೇ ಹೆಸರಾ? ಆ ಚಳಿಯಲ್ಲಿ ಕೇಸರಿಯಾ? ಹೋದವರಿದ್ದರೆ ಹೇಳಿ.

ಪೆರ್ಲದವಳು:
ಮಾವ, ಕೇಸರಿಯದ್ದೇ. ಮೊದಲು ಆ ಊರಿಗೆ ಚೆಪಿಂಗ್ ವಾಲ್ಡನ್ ಅಂತಿತ್ತು. ಚೆಪಿಂಗ್ ಅಂದರೆ ಸಂತೆ, ನಮ್ಮ ಹೊಸಂಗಡಿ, ಅಂಗಡಿಮೊಗರು ಇದ್ದ ಹಾಗೆ. 16, 17ನೇ ಶತಮಾನದಲ್ಲಿ ಸುತ್ತಲೂ ಕೇಸರಿ ಬೆಳೆದು ಊರಿಗೆ ದುಡ್ಡು ಬಂತು, ಹೆಸರೂ ಬದಲಾಯಿತು. ಬಣ್ಣ ಹಾಕಲಿಕ್ಕೆ, ಮದ್ದಿಗೆ, ಅಡುಗೆಗೆ ಎಲ್ಲ ಅದೇ. ಒಂದು ಹೂವಿಗೆ ಮೂರೇ ಎಳೆ, ಒಂದು ಕಿಲೋ ಆಗಲಿಕ್ಕೆ ಲಕ್ಷಕ್ಕಿಂತ ಜಾಸ್ತಿ ಹೂ ಕೊಯ್ಯಬೇಕು. ಅಡಿಕೆ ಸುಲಿಯಲಿಕ್ಕೇ ಆಳು ಸಿಗದ ನಮಗೆ ಅದು ಆಗುವ ಕೆಲಸವಾ ಹೇಳಿ! ಅವರೂ ಕೊನೆಗೆ ಬಿಟ್ಟರು.

ಸೈಂಟ್ ಮೇರಿ ಚರ್ಚಿನ ಒಳಗೆ ಕಲ್ಲಿನಲ್ಲಿ ಕೇಸರಿ ಹೂ ಕೆತ್ತಿದ್ದು ಉಂಟು, ಕತ್ತೆತ್ತಿ ಹುಡುಕಬೇಕು. ಹತ್ತಿರವೇ ಓಲ್ಡ್ ಸನ್ ಇನ್ ಅಂತ ಹಳೇ ಕಟ್ಟಡ, ಗೋಡೆಯ ಗಾರೆಯಲ್ಲೇ ಉಬ್ಬು ಚಿತ್ರ ಮಾಡಿದ್ದಾರೆ. ಚರ್ಚಿನ ಕಡೆಗೆ ಸ್ವಲ್ಪ ಏರು ಉಂಟು, ನಿಧಾನ ಹೋದರೆ ತೊಂದರೆ ಇಲ್ಲ.

ಸಂತೆ ಮಂಗಳವಾರ ಮತ್ತು ಶನಿವಾರ ಮಾತ್ರ. ನಾನು ಮೊದಲ ಸಲ ಭಾನುವಾರ ಹೋಗಿ, ಚೌಕದಲ್ಲಿ ಪಾರಿವಾಳ ಎಣಿಸಿ ಬಂದೆ.

ಕುಂಬಳೆ ಕಡೆಯವ:
ದಿನಕ್ಕಿಂತ ಮುಖ್ಯ ಸ್ಟೇಷನ್ ಮಾರಾಯ್ರೆ. ರೈಲು ಊರಿಗೆ ಹೋಗುವುದಿಲ್ಲ. ಊರೊಳಗೆ ಹೋಗುತ್ತಿದ್ದ ಲೈನು 1964ರಲ್ಲೇ ಮುಚ್ಚಿತು. ಈಗ ಇಳಿಯಬೇಕಾದ್ದು ಆಡ್ಲಿ ಎಂಡ್‌ನಲ್ಲಿ, ಅಲ್ಲಿಂದ ಪೇಟೆಗೆ ಸುಮಾರು 3 ಕಿ.ಮೀ. ನನಗೆ ಗೊತ್ತಿರಲಿಲ್ಲ. ಬಸ್ಸಿನ ಹೊತ್ತು ನೋಡದೆ, ಅಮ್ಮನನ್ನು ಸೀರೆ, ಸ್ವೆಟರ್, ಒಂದೇ ಕೊಡೆಯಲ್ಲಿ ಮಳೆಗೆ ನಡೆಸಿದೆ. ಅರ್ಧ ದಾರಿಯಲ್ಲಿ ಅಮ್ಮ ಹೇಳಿದ್ದು, "ಇದಕ್ಕೆ ಬದಿಯಡ್ಕ ಸಾಕಿತ್ತು." ನೀವು ಬಸ್ಸೋ ಟ್ಯಾಕ್ಸಿಯೋ ಮೊದಲೇ ನೋಡಿಟ್ಟುಕೊಳ್ಳಿ.

ಊರಿನ ಬಯಲಲ್ಲಿ ಹುಲ್ಲಿನ ಮೇಲೆ ಚಕ್ರವ್ಯೂಹದಂಥ ಸುತ್ತುದಾರಿ ಉಂಟು, ಇಂಗ್ಲೆಂಡಿನಲ್ಲಿ ಆ ಥರದ್ದರಲ್ಲಿ ಅದೇ ದೊಡ್ಡದಂತೆ. ಒಂದೇ ದಾರಿ, ತಪ್ಪಲಿಕ್ಕೆ ಸಾಧ್ಯವೇ ಇಲ್ಲ, ಆದರೆ ಮುಗಿಯುವಾಗ ಒಂದೂವರೆ ಕಿ.ಮೀ. ಆಗಿರುತ್ತದೆ. ನಿಮ್ಮ ಮಂಡಿಗೆ ಬೇಡ, ಮಗಳನ್ನು ಸುತ್ತಿಸಿ.

ಮುಳ್ಳೇರಿಯ:
ನನ್ನ ಮಟ್ಟಿಗೆ ಬೆರಿ ಸೈಂಟ್ ಎಡ್ಮಂಡ್ಸೇ ಒಳ್ಳೆಯದು. ಕೇಂಬ್ರಿಡ್ಜಿನಿಂದ ನೇರ ರೈಲು, ಮುಕ್ಕಾಲು ಗಂಟೆ, ಸ್ಟೇಷನ್ನಿಂದ ಪೇಟೆಗೆ ನಡೆಯಬಹುದು. ಸಂತೆ ಬುಧವಾರ, ಶನಿವಾರ. ಅಲ್ಲಿ ದೊಡ್ಡ ಮಠವೊಂದಿತ್ತು. 1539ರಲ್ಲಿ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿಸಿದರು, ಊರವರು ಕೆತ್ತಿದ ಕಲ್ಲನ್ನೆಲ್ಲ ಕಿತ್ತುಕೊಂಡು ಹೋದರು. ಈಗ ಉಳಿದದ್ದು ಒಳಗಿನ ಚಕಮಕಿ ಕಲ್ಲು, ಗಾರೆ, ಹುತ್ತ ನಿಂತ ಹಾಗೆ. ತಮಾಷೆ ಏನೆಂದರೆ ಆ ಮುರುಕು ಗೋಡೆಯ ಹೊಟ್ಟೆಯಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಹುತ್ತಕ್ಕೆ ಬಾಗಿಲು, ಬಾಗಿಲಿಗೆ ಪೈಂಟು, ಕಿಟಕಿಗೆ ಪರದೆ! ನಾನು ಅದರ ಮುಂದೆಯೇ ಅರ್ಧ ಗಂಟೆ ನಿಂತಿದ್ದೆ. ಪಕ್ಕದ ಮಠದ ತೋಟಕ್ಕೆ ಟಿಕೆಟ್ ಇಲ್ಲ, ಬೇಕಾದಷ್ಟು ಬೆಂಚು ಉಂಟು.

ನೀರ್ಚಾಲಿನವ:
ಎಲ್ಲರಿಗೂ ಧನ್ಯವಾದ. ಮಂಗಳವಾರ ವಾಲ್ಡನ್, ಮಂಡಿ ಒಪ್ಪಿದರೆ ಮುಂದಿನ ವಾರ ಆ ಹುತ್ತದ ಮನೆ. ಇವಳದ್ದು ಒಂದೇ ಪ್ರಶ್ನೆ: ಅಲ್ಲಿ ಚೌಕಾಸಿ ನಡೆಯುತ್ತದಾ?

ಪೆರ್ಲದವಳು:
ನಡೆಯುವುದಿಲ್ಲ ಮಾವ, ಮುಖ ನೋಡಿ ನಗುತ್ತಾರೆ ಅಷ್ಟೇ. ಆದರೆ ಕಟ್ಟಿಕೊಂಡು ಹೊರಡುವ ಹೊತ್ತಿಗೆ ಹಣ್ಣಿನವರು ತಾವಾಗಿಯೇ ಇಳಿಸುತ್ತಾರೆ. ನಾನು ಹೋದಾಗ ಒಂದು ಬಟ್ಟಲು ಸ್ಟ್ರಾಬೆರಿಗೆ ಒಂದು ಪೌಂಡ್ ಇದ್ದದ್ದು, ಸಂಜೆಗೆ ಎರಡು ಬಟ್ಟಲಾಯಿತು. ಅತ್ತೆಗೆ ಚೀಲ ತರಲಿಕ್ಕೆ ಹೇಳಿ.