ವಿ-ಕ್ರಾಸ್ ಮುಂದೆ 32 ಮಿ.ಮೀ. ಸ್ಪೇಸರ್: ಹಂಪ್ ಇಳಿದಾಗ ‘ಟಕ್’, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರ್ತಿಲ್ಲ

ಕಾಫಿಗುಡ್ಡ:
ಗಾಡಿ 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, ಟೈರ್ 245/70 ಆರ್16. ಓಡಾಟ ಹೆಚ್ಚಾಗಿ ಸಕಲೇಶಪುರದ ಕಡೆ ತೋಟದ ರಸ್ತೆ, ಮಧ್ಯೆ ಹೈವೇ. ಮೂತಿ ತಗ್ಗಿದೆ ಅಂತ ಮುಂದೆ ಮಾತ್ರ ಲೆವೆಲಿಂಗ್ ಕಿಟ್ (ಮೂತಿಯನ್ನ ಹಿಂಬದಿಯ ಸಮಕ್ಕೆ ಎತ್ತೋದು) ಕೂರಿಸಿದ್ದು: ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಜೋಡಣೆ) ತಲೆ ಮೇಲೆ ಬರೋ 32 ಮಿ.ಮೀ. ಅಲ್ಯೂಮಿನಿಯಂ ಸ್ಪೇಸರ್. ‘ಸವಾ ಇಂಚು ಏಳುತ್ತೆ’ ಅಂದಿದ್ದರು. ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳೆದರೆ ಮುಂದೆ 485 ಇದ್ದದ್ದು ಈಗ 545 ಮಿ.ಮೀ. ಹಿಂದೆ ಮೊದಲಿನಂತೆ 525.

ತೊಂದರೆ: ಹಂಪ್ ದಾಟಿ ಚಕ್ರ ಕೆಳಗೆ ಬೀಳುವಾಗ ‘ಟಕ್’ ಅಂತ ಲೋಹದ ಸದ್ದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ನೇರಕ್ಕೆ ಬರಲ್ಲ, 80ರ ಮೇಲೆ ಗಾಡಿ ಅಲೆಯುತ್ತೆ. ಮುಂದಿನ ಟೈರಿನ ಹೊರ ಅಂಚು ಸವೆಯಲು ಶುರು. ಅಲೈನ್‌ಮೆಂಟ್‌ನಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಮಾತ್ರ ಮುಟ್ಟಿದ್ದಾರೆ. ಸ್ಪೇಸರ್ ಕಿತ್ತು ಪೂರ್ತಿ ಸ್ಪ್ರಿಂಗ್-ಶಾಕ್ ಸೆಟ್ ಹಾಕಲೇಬೇಕಾ? ಬಜೆಟ್ ಅಷ್ಟಿಲ್ಲ.

ಸ್ಪ್ಯಾನರ್19:
ಸೆಟ್ ಬೇಡ. ಸ್ಪೇಸರಿನಲ್ಲಿ ದೋಷ ಇಲ್ಲ, ದಪ್ಪದ ಲೆಕ್ಕ ತಪ್ಪಿದೆ. ಸ್ಟ್ರಟ್‌ನ ಕೆಳ ಬೋಲ್ಟ್ ಇರೋದು ಕೆಳ ಆರ್ಮಿನ (ಚಕ್ರವನ್ನ ಚಾಸಿಗೆ ಜೋಡಿಸೋ ತೋಳು) ತುದಿಯಲ್ಲಲ್ಲ, ಹತ್ತಿರಹತ್ತಿರ ಮಧ್ಯದಲ್ಲಿ. ಅಲ್ಲಿ 1 ಮಿ.ಮೀ. ತಳ್ಳಿದರೆ ಚಕ್ರದ ಹತ್ತಿರ ಸುಮಾರು 1.8–2 ಮಿ.ಮೀ. ಆಗುತ್ತೆ. ನಿಮ್ಮ ಅಳತೆಯೇ ಹೇಳ್ತಿದೆ: 60 ಭಾಗಿಸು 32, ಅಂದರೆ 1.87. ಹಿಂದಿಗಿಂತ ಮೂತಿಯೇ 20 ಮಿ.ಮೀ. ಮೇಲಿದೆ, ಇದು ಲೆವೆಲಿಂಗ್ ಅಲ್ಲ.

‘ಟಕ್’ ಯಾಕೆ? ತಲೆ ಮೇಲಿನ ಸ್ಪೇಸರ್ ಗಾಡಿ ನಿಂತಾಗಿನ ಎತ್ತರವನ್ನಷ್ಟೇ ಬದಲಿಸಲ್ಲ. ಸ್ಟ್ರಟ್ ಪೂರ್ತಿ ಚಾಚಿದಾಗ ಚಕ್ರ ಮೊದಲಿಗಿಂತ 60 ಮಿ.ಮೀ. ಇನ್ನೂ ಕೆಳಗೆ ಜೋತು ಬೀಳುತ್ತೆ. ಆಗ ಮೇಲಿನ ಆರ್ಮ್ ಹೋಗಿ ಸ್ಪ್ರಿಂಗ್ ಸುರುಳಿಗೋ ಅದರ ಸ್ಟಾಪರಿಗೋ ತಾಗುತ್ತೆ. ಊಹೆ ಬೇಡ, ನೋಡೋದು ಸುಲಭ. ಮೇಲಿನ ಆರ್ಮಿನ ಒಳ ಅಂಚಿಗೂ ಸ್ಟಾಪರ್ ರಬ್ಬರಿಗೂ ಸುಣ್ಣ ಇಲ್ಲಾ ಬಿಳಿ ಚಾಕ್ ದಪ್ಪಗೆ ಬಳಿದು ನಾಲ್ಕು ಹಂಪ್ ದಾಟಿಸಿ ಬನ್ನಿ. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲೇ ತಾಗ್ತಿದೆ. ಆಮೇಲೆ ಚಾಸಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಜೋತಾಡುವಂತೆ ಬಿಟ್ಟು ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್ ತಂತಿಯ ಹಾಗೆ ಬಿಗಿದಿದ್ದರೆ ಆ ಗಾಡಿ ರಸ್ತೆಗೆ ಇಳಿಯಬಾರದು. ಸಿವಿ ಜಾಯಿಂಟ್ (ಮುಂದಿನ ಚಕ್ರ ತಿರುಗಿಸೋ ಶಾಫ್ಟಿನ ಕೀಲು) ಮೇಲಿನ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತಿವೆಯಾ ಅಂತಲೂ ನೋಡಿ. ಈ ಗಾಡಿಗೆ ಫ್ರೀ ಹಬ್ (ಚಕ್ರವನ್ನ ಶಾಫ್ಟಿನಿಂದ ಬಿಡಿಸೋ ವ್ಯವಸ್ಥೆ) ಇಲ್ಲ, ಟೂ-ವೀಲ್‌ನಲ್ಲಿ ಓಡಿಸಿದರೂ ಶಾಫ್ಟ್ ತಿರುಗ್ತಾನೇ ಇರುತ್ತೆ, ಬೂಟ್ ಬೇಗ ಸೀಳುತ್ತೆ.

ಸ್ಟೀರಿಂಗ್ ವಾಪಸ್ ಬರದಿರೋದು ಕ್ಯಾಸ್ಟರ್ (ಸ್ಟೀರಿಂಗ್ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಕಡಿಮೆ ಆದದ್ದಕ್ಕೆ. ಹೊರ ಅಂಚು ಸವೆಯೋದು ಕ್ಯಾಂಬರ್ ಪಾಸಿಟಿವ್ ಕಡೆ ಹೋದದ್ದಕ್ಕೆ, ಅಂದರೆ ಚಕ್ರದ ಮೇಲ್ಭಾಗ ಹೊರಕ್ಕೆ ವಾಲಿದೆ. ಟೋ ಎಷ್ಟು ತಿರುಗಿಸಿದರೂ ಇವೆರಡೂ ಸರಿಹೋಗಲ್ಲ.

ಪರಿಹಾರ: 32 ತೆಗೆದು 15 ಮಿ.ಮೀ. ಹಾಕಿ. ಸುಮಾರು 28 ಮಿ.ಮೀ. ಏಳುತ್ತೆ, ಮುಂದೆ 513 ಬರುತ್ತೆ. ಹಿಂದೆ 12 ಮಿ.ಮೀ. ಮೇಲೇ ಇರಲಿ. ಕಂಪನಿಯವರು ಹಿಂಬದಿ ಎತ್ತಿ ಇಟ್ಟಿರೋದು ಚೆಂದಕ್ಕಲ್ಲ. 50 ಕೆ.ಜಿ.ಯ ಐದು ಗೊಬ್ಬರದ ಚೀಲ ಹೇರಿದ ಕೂಡಲೇ ಹಿಂದೆ ಕುಸಿಯುತ್ತೆ. ಖಾಲಿಯಲ್ಲೇ ಸಮ ಮಾಡಿದರೆ ಭಾರ ಬಿದ್ದಾಗ ಮೂತಿ ಆಕಾಶ ನೋಡುತ್ತೆ.

ಘಾಟಿಗೇರ್:
ಒಪ್ಪಿದೆ, ಒಂದು ಸೇರಿಸ್ತೀನಿ. ಬಿಚ್ಚಿ ಜೋಡಿಸುವಾಗ ಕೆಳ ಆರ್ಮಿನ ಬೋಲ್ಟ್, ಸ್ಟ್ರಟ್‌ನ ಕೆಳ ಬೋಲ್ಟ್ ಇವನ್ನ ಚಕ್ರ ಗಾಳಿಯಲ್ಲಿರುವಾಗ ಕೊನೇ ಟೈಟ್ ಮಾಡಲೇಬೇಡಿ. ಆ ಬೋಲ್ಟ್ ಹಾದುಹೋಗೋ ಬುಶ್‌ನ ರಬ್ಬರ್ ಹೊರ ಕವಚಕ್ಕೂ ಒಳ ಕೊಳವೆಗೂ ಅಂಟಿರುತ್ತೆ. ಜೋತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ. ಕೆಲವೇ ತಿಂಗಳಲ್ಲಿ ಹರಿಯುತ್ತೆ, ಅಲ್ಲೀವರೆಗೆ ಎತ್ತರದ ಅಳತೆಯೂ ಸುಳ್ಳು ತೋರಿಸುತ್ತೆ. ಕೈಬಿಗಿ ಮಾಡಿ ಇಳಿಸಿ, ಬಂಪರ್ ಹಿಡಿದು ಐದಾರು ಸಲ ಒತ್ತಿ ಕುಣಿಸಿ, ಆಮೇಲೆ ಚಕ್ರದ ಮೇಲೆ ನಿಂತಿರುವಾಗಲೇ ಟಾರ್ಕ್ ರೆಂಚ್. ಸ್ಟೆಬಿಲೈಸರ್ ಲಿಂಕ್‌ಗೂ ಹೀಗೇ.

ಇನ್ನು ಸ್ಪ್ರಿಂಗ್ ಮತ್ತು ಅದರ ಮೇಲಿನ ಬಟ್ಟಲಿನ ನಡುವೆ ಕೂರೋ ಒಳ ಸ್ಪೇಸರ್ ಅಗ್ಗಕ್ಕೆ ಸಿಗುತ್ತೆ ಅಂತ ಅದಕ್ಕೆ ಹೋಗಬೇಡಿ. ಅದರಲ್ಲಿ ಸ್ಟ್ರಟ್ ಉದ್ದ ಅಷ್ಟೇ ಇರುತ್ತೆ, ಕೆಳಗೆ ಚಾಚೋ ಜಾಗ ಕಡಿಮೆ ಆಗುತ್ತೆ. ಹಂಪ್ ಇಳಿದಾಗ ಶಾಕ್ ಒಳಗೇ ಹೊಡೆಯುತ್ತೆ, ‘ಟಕ್’ ಅಲ್ಲ ‘ದಡ್’. ಸಾಲದ್ದಕ್ಕೆ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಸಾಧನ) ಇಲ್ಲದೆ ಸ್ಪ್ರಿಂಗ್ ಹಿಡಿದಿರೋ ಸ್ಟ್ರಟ್ ತಲೆಯ ನಡು ನಟ್ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ.

ಕಾಫಿಗುಡ್ಡ:
ಸುಣ್ಣ ಹಚ್ಚಿ ನೋಡಿದೆ. ಎರಡೂ ಕಡೆ ಮೇಲಿನ ಆರ್ಮ್ ಸ್ಪ್ರಿಂಗಿನ ಮೇಲಿಂದ ಎರಡನೇ ಸುತ್ತಿಗೆ ತಾಗಿದೆ, ಬಣ್ಣ ಕಿತ್ತು ಬೆರಳುಗುರಿನಷ್ಟು ಹೊಳೆಯೋ ಗುರುತು. ಹೋಸ್ ಸಡಿಲವಾಗೇ ಇದೆ. 15 ಮಿ.ಮೀ. ಸ್ಪೇಸರ್ ತರಿಸೋಕೆ ಹೇಳಿದ್ದೀನಿ. ಮುಂದೆ 32 ಹಾಗೇ ಬಿಟ್ಟು ಹಿಂದೆ ಉದ್ದ ಶ್ಯಾಕಲ್ (ಲೀಫ್ ಸ್ಪ್ರಿಂಗಿನ ತುದಿಯನ್ನ ಚಾಸಿಗೆ ಜೋಡಿಸೋ ಪಟ್ಟಿ) ಹಾಕಿ ಎತ್ತಿದರೆ ಆಗಲ್ವಾ?

ಸ್ಪ್ಯಾನರ್19:
ಆಗಲ್ಲ. ಹಿಂದೆ ಎಷ್ಟೇ ಎತ್ತಿದರೂ ಮುಂದಿನ ಆರ್ಮ್ ಸ್ಪ್ರಿಂಗಿಗೆ ಹೊಡೆಯೋದು ನಿಲ್ಲಲ್ಲ. ಶ್ಯಾಕಲ್ 50 ಮಿ.ಮೀ. ಉದ್ದ ಮಾಡಿದರೆ ಗಾಡಿ ಏಳೋದು ಅದರ ಅರ್ಧ, 25. ಜೊತೆಗೆ ಆಕ್ಸಲ್ ವಾಲಿ ಪಿನಿಯನ್ ಕೋನ (ಪ್ರೊಪೆಲರ್ ಶಾಫ್ಟ್ ಆಕ್ಸಲ್ಲಿಗೆ ಸೇರೋ ಕೋನ) ಕೆಡುತ್ತೆ, ಹೊರಡುವಾಗ ಪ್ರೊಪೆಲರ್ ಶಾಫ್ಟ್ ನಡುಗುತ್ತೆ. ಹಿಂದೆ ನಿಜವಾಗಿ ಎತ್ತಬೇಕಿದ್ದರೆ ಒಂದು ಲೀಫ್ ಪ್ಲೇಟ್ ಸೇರಿಸೋದು ವಾಸಿ, ಖಾಲಿಯಲ್ಲಿ ಕುದುರೆ ಸವಾರಿ ಅನ್ನೋದು ಗೊತ್ತಿರಲಿ. ಪ್ಲೇಟೋ ಬ್ಲಾಕೋ (ಲೀಫಿಗೂ ಆಕ್ಸಲ್ಲಿಗೂ ನಡುವೆ ಇಡೋ ಲೋಹದ ತುಂಡು) ಏನೇ ಆದರೂ, ಲೀಫನ್ನ ಆಕ್ಸಲ್ಲಿಗೆ ಬಿಗಿಯೋ ಯು-ಬೋಲ್ಟ್ ಹೊಸದೇ ಆಗಬೇಕು. ಒಮ್ಮೆ ಎಳೆದ ಹಳೇ ಯು-ಬೋಲ್ಟ್ ಮತ್ತೆ ಬಿಗಿ ಹಿಡಿಯಲ್ಲ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸುವ ಮಾತೇ ಬೇಡ.

ತೋಟದ ರಸ್ತೇಲಿ ಕಲ್ಲು ಬಡಿಯೋದು ಹಿಂದಿನ ಡಿಫರೆನ್ಶಿಯಲ್ಲಿಗೆ (ಆಕ್ಸಲ್ ನಡುವಿನ ಉಬ್ಬಿದ ಗೇರ್ ಗೂಡು) ತಾನೇ? ಅದನ್ನ ಯಾವ ಕಿಟ್ ಕೂಡ ಎತ್ತಲ್ಲ, ಟೈರ್ ಮಾತ್ರ ಎತ್ತೋದು. 245/70 ಆರ್16ರ ವ್ಯಾಸ 749 ಮಿ.ಮೀ., 265/70 ಆರ್16ರದ್ದು 777. ಅರ್ಧ, ಅಂದರೆ 14 ಮಿ.ಮೀ. ಸಿಗುತ್ತೆ. ಆಗ ಸ್ಪೀಡೋಮೀಟರ್ ಸುಮಾರು 3.6 ಪರ್ಸೆಂಟ್ ಕಡಿಮೆ ತೋರಿಸುತ್ತೆ.

ಘಾಟಿಗೇರ್:
ಕಾನೂನಿನ ಮಾತೂ ಬರಲಿ. ಕಂಪನಿ ಸ್ಪೆಸಿಫಿಕೇಶನ್ ಬದಲಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ತಾಗುತ್ತೆ. 2019ರ ತಿದ್ದುಪಡಿಯಲ್ಲಿ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂ. ದಂಡ ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸ್‌ನವರಿಗೆ ಮುಂಚೆಯೇ ಬರೆದು ತಿಳಿಸಿ. ಯಾರೋ ‘ಸ್ಪೇಸರ್ ಕಣ್ಣಿಗೆ ಕಾಣಲ್ಲ ಬಿಡಿ’ ಅಂದರೆ ಕೇಳಬೇಡಿ, ಆಕ್ಸಿಡೆಂಟ್ ಸರ್ವೆ ಮಾಡುವವರಿಗೆ ಕಾಣುತ್ತೆ.

ಕಾಫಿಗುಡ್ಡ:
15 ಮಿ.ಮೀ. ಕೂತಿದೆ. ಎಡ 514, ಬಲ 511. ಸದ್ದು ಹೋಗಿದೆ, ಸುಣ್ಣ ಅಳಿಸಿಲ್ಲ. ಕೆಳ ಆರ್ಮಿನ ಕ್ಯಾಮ್ ಬೋಲ್ಟ್‌ನಲ್ಲಿ ಮೊದಲು ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಕೊನೆಗೆ ಟೋ ಮಾಡಿಸಿ ಪ್ರಿಂಟ್ ತೆಗೆಸಿದ್ದೀನಿ. ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತೆ. ಬಲಗಡೆ 3 ಮಿ.ಮೀ. ಕಡಿಮೆ ಇರೋದಕ್ಕೆ ಏನಾದರೂ?

ಸ್ಪ್ಯಾನರ್19:
ಡ್ರೈವರ್ ಕಡೆ ಸ್ಪ್ರಿಂಗ್ ಸ್ವಲ್ಪ ಜಾಸ್ತಿ ಕೂತಿರುತ್ತೆ, 3 ಮಿ.ಮೀ.ಗೆ ತಲೆ ಕೆಡಿಸ್ಕೋಬೇಡಿ. 10 ದಾಟಿದರೆ ಆ ಸ್ಪ್ರಿಂಗ್ ಬದಲಿಸಿ. 500 ಕಿ.ಮೀ. ಆದ ಮೇಲೆ ಸ್ಟ್ರಟ್ ತಲೆಯ ಮೂರೂ ನಟ್‌ಗೆ ಮತ್ತೆ ಟಾರ್ಕ್ ಇಡಿ. ಹೆಡ್‌ಲೈಟ್ ಮರೀಬೇಡಿ: 3,095 ಮಿ.ಮೀ. ವೀಲ್‌ಬೇಸ್ ಗಾಡಿಯ ಮೂತಿ 28 ಮಿ.ಮೀ. ಎದ್ದರೆ 10 ಮೀಟರ್ ದೂರದ ಗೋಡೆ ಮೇಲೆ ಬೆಳಕು ಸುಮಾರು 12 ಸೆಂ.ಮೀ. ಮೇಲೇರುತ್ತೆ. ಘಾಟಿಯಲ್ಲಿ ಎದುರು ಬರೋ ಬಸ್ಸಿನವನ ಕಣ್ಣಿಗೇ ಹೊಡೆಯುತ್ತೆ, ಇವತ್ತೇ ಇಳಿಸಿ.