ಏಳನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್: 40 ನಿಮಿಷದಲ್ಲಿ ಏನೇನು ಮಾಡಿಸುತ್ತೀರಿ?

ಪ್ರಶ್ನೆ:
ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ದಿನಾ ಐದು ಪದ, ಸ್ವಲ್ಪ ಗ್ರಾಮರ್, ಆಮೇಲೆ ಗಟ್ಟಿಯಾಗಿ ಓದಿಸುವುದು ಅಂತ ಪ್ಲಾನ್. ಆದರೆ ಒಬ್ಬ ಓದುವಾಗ ಉಳಿದ 30 ಮಕ್ಕಳು ಸುಮ್ನೆ ಕಿಟಕಿ ನೋಡುತ್ತಾ ಕೂತಿರುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1:
ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದು ಬಿಡಿ. ಮೊದಲು ನೀವು ಓದಿ, ಆಮೇಲೆ ಎಲ್ಲರೂ ಒಟ್ಟಿಗೆ, ಆಮೇಲೆ ಜೋಡಿ ಜೋಡಿಯಾಗಿ. ಗಲಾಟೆ ಆಗುತ್ತೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ, ಆಗಲಿ ಬಿಡಿ. ಕನ್ನಡವನ್ನು ಬರೆದ ಹಾಗೇ ಓದುತ್ತೇವೆ, ಅದಕ್ಕೇ ಮಕ್ಕಳು ನೈಫ್ ಅನ್ನು ಕ್ನೈಫ್ ಅನ್ನುತ್ತಾರೆ. ಅದು ದಡ್ಡತನ ಅಲ್ಲ. ನೈಫ್ (knife), ನೀ (knee), ನಾಕ್ (knock) ಮೂರನ್ನೂ ಒಂದೇ ದಿನ ಬೋರ್ಡ್ ಮೇಲೆ ಬರೆದು ಮೊದಲಿನ ಕೆ ಅಕ್ಷರಕ್ಕೆ ಕಾಟು ಹಾಕಿಸಿ.

ಉತ್ತರ 2:
ಐದು ಪದ ಜಾಸ್ತಿಯಾಯ್ತು. ಮೂರು ಸಾಕು, ಆದರೆ ನಿನ್ನೆಯದನ್ನು ಇವತ್ತು ಕೇಳಲೇಬೇಕು. ಗ್ರಾಮರ್‌ಗೆ ಕನ್ನಡವನ್ನೇ ಹಿಡಿದುಕೊಳ್ಳಿ. ಬರುತ್ತೇನೆ, ಬರುತ್ತಾಳೆ, ಬರುತ್ತಾರೆ ಅಂತ ನಮ್ಮಲ್ಲಿ ಬಾಲ ಬದಲಾಗುತ್ತೆ ಅಲ್ವಾ? ಇಂಗ್ಲಿಷಿನಲ್ಲೂ ಹೀ, ಶೀ, ಇಟ್ ಬಂದರೆ ಕಮ್ ಹೋಗಿ ಕಮ್ಸ್. ಇದು ನಮ್ಮ ಹುಡುಗರಿಗೆ ಬೇಗ ಹತ್ತಿತು. ಎ, ದಿ ಮಾತ್ರ ಇನ್ನೂ ಹತ್ತಿಲ್ಲ, ಕನ್ನಡದಲ್ಲಿ ಅಂಥದ್ದು ಇಲ್ಲವಲ್ಲ.

ಪ್ರಶ್ನೆ ಕೇಳಿದವರು:
ಕೆ ಅಕ್ಷರದ್ದು ಇವತ್ತೇ ಮಾಡಿಸಿದೆ. ಈಗ ಕೈಟ್‌ಗೂ ಕಾಟು ಹಾಕಿ 'ಐಟ್' ಅಂತ ಓದುತ್ತಿದ್ದಾರೆ!

ಉತ್ತರ 1:
ಅಯ್ಯೋ, ಪಕ್ಕದಲ್ಲಿ ಎನ್ ಇದ್ದರೆ ಮಾತ್ರ ಅಂತ ಹೇಳುವುದು ಮರೆತೆ.